ವಿಜಾಪುರ ಸೀಮೆಯಲ್ಲಿ ವ್ಯಸನಮುಕ್ತಿಯ ಇತಿಹಾಸವು

ವಿಜಾಪುರದ ಇತಿಹಾಸವನ್ನು ಬರೆದವರು ಗೋಳಗುಮ್ಮಟದ ವಿಸ್ತಾರವನ್ನು ಅಳೆದಿರುವರು. ಆದಿಲಶಾಹಿ ಸುಲ್ತಾನರ ವಂಶಾವಳಿಯನ್ನು ಕ್ರಮವಾಗಿ ಕೊಟ್ಟಿರುವರು. ಬರಗಾಲಗಳ ಇಸವಿಗಳನ್ನೂ ಗುರುತಿಸಿ ಇಟ್ಟಿರುವರು. ಆದರೆ ಈ ಸೀಮೆಯ ಒಕ್ಕಲುಮನೆಗಳನ್ನು ಗೆದ್ದಲಿನಂತೆ ಒಳಗಿನಿಂದ ತಿಂದುಹಾಕಿದ ಒಂದು ಕೇಡಿನ ಕಥೆಯು ಅಂಥ ಗ್ರಂಥಗಳಲ್ಲಿ ಅಪರೂಪವಾಗಿಯೇ ದೊರೆಯುವದು. ಅದು ಕುಡಿತವೇ ಮೊದಲಾದ ದುಶ್ಚಟಗಳ ಕಥೆಯು. ಬರಗಾಲವು ಬಂದರೆ ಊರೆಲ್ಲವೂ ಅಳುವದು. ಕುಡಿತವು ಬಂದರೆ ಒಂದು ಮನೆಯು ಮಾತ್ರ ಬಾಗಿಲು ಮುಚ್ಚಿಕೊಂಡು ಅಳುವದು. ಆದುದರಿಂದಲೇ ಅದನ್ನು ಬರೆದಿಡುವವರು ಕಡಿಮೆಯಾದರು.

ವಿಜಾಪುರ ಪಟ್ಟಣದ ನಡುವೆ ಗಾಂಧಿ ಚೌಕವಿರುವದು. ತಿಕೋಟಾ, ಬಬಲೇಶ್ವರ ಮೊದಲಾದ ಕಡೆಗಳಿಂದ ಪೇಟೆಗೂ ಕಚೇರಿಗೂ ಬರುವ ಜನರಿಗೆ ಈ ಚೌಕವು ಪರಿಚಿತವಾದುದು. ಮಾಲು ಮಾರಿದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬನು ಮನೆಯ ದಾರಿಯನ್ನು ಹಿಡಿಯುವನು. ಮತ್ತೊಬ್ಬನು ಅದೇ ಹಣದೊಂದಿಗೆ ಅಂಗಡಿಯ ದಾರಿಯನ್ನು ಹಿಡಿಯುವನು. ಪಾನನಿಷೇಧವನ್ನು ಸ್ವರಾಜ್ಯದ ಕಾರ್ಯಗಳಲ್ಲಿ ಒಂದೆಂದು ಎಣಿಸಿದ ಮಹಾತ್ಮರ ಹೆಸರನ್ನು ಹೊತ್ತ ಈ ಚೌಕದಲ್ಲಿ ನಿಂತವರಿಗೆ ಒಂದು ಪ್ರಶ್ನೆಯು ಸಹಜವಾಗಿಯೇ ಹುಟ್ಟುವದು: ಈ ಎರಡನೆಯವನನ್ನು ಮನೆಯ ದಾರಿಗೆ ತಿರುಗಿಸುವದಕ್ಕಾಗಿ ಈ ನಾಡು ಯಾವ ಯಾವ ಉಪಾಯಗಳನ್ನು ಮಾಡಿತು? ಅವುಗಳಲ್ಲಿ ಯಾವದು ಎಷ್ಟು ಫಲಿಸಿತು, ಯಾವದು ಎಲ್ಲಿ ಸೋತಿತು?

ಉಪಾಯಗಳು ಮುಖ್ಯವಾಗಿ ಮೂರು. ಒಂದು ಕಾಯಿದೆಯು, ಎರಡನೆಯದು ಜೋಳಿಗೆಯು, ಮೂರನೆಯದು ಚಿಕಿತ್ಸೆಯು. ಈ ಮೂರರ ಚರಿತ್ರವನ್ನು ಕ್ರಮವಾಗಿ ನೋಡಿದರೆ ಒಂದರ ಕೊರತೆಯನ್ನು ಮತ್ತೊಂದು ಹೇಗೆ ತುಂಬುವದೆಂಬುದು ತಾನಾಗಿಯೇ ತಿಳಿದುಬರುವದು.

ಅದಕ್ಕೆ ಮೊದಲು ಶರಣರ ಕಾಲದ ಒಂದು ಸಂಗತಿಯನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೆಂಬವನು ಇರುವನು. ಹೆಂಡವನ್ನು ಮಾರುವದು ಅವನ ಕಾಯಕವಾಗಿತ್ತು. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ವಚನಗಳು ದೊರೆತಿರುವವು. ಹೆಂಡದ ಮಡಕೆಯನ್ನು ಹೊತ್ತವನೂ ಶರಣನಾಗಬಲ್ಲನೆಂದು ನಂಬಿದ ಸಮಾಜವು, ಆ ಮಡಕೆಯನ್ನು ಬರಿದು ಮಾಡಿದವನೂ ಮನುಷ್ಯನಾಗಿ ತಿರುಗಿ ಬರಬಲ್ಲನೆಂದು ನಂಬದೆ ಇರಲಾರದು. ಮುಂದೆ ಹೇಳುವ ಎಲ್ಲ ವಿಷಯಕ್ಕೂ ಈ ನಂಬಿಗೆಯೇ ಮೂಲವು.

ಕಾಯಿದೆಯ ಮಾರ್ಗವು

ಇಂಗ್ಲಿಷರ ಆಳಿಕೆಯಲ್ಲಿ ವಿಜಾಪುರವು ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆಯಾಗಿತ್ತು. 1878ನೆಯ ಇಸವಿಯ ಮುಂಬಯಿ ಅಬಕಾರಿ ಕಾಯಿದೆಯಿಂದ ಸಿಂದಿಯನ್ನು ಇಳಿಸುವದಕ್ಕೂ ಸೆರೆಯನ್ನು ಕಾಯಿಸುವದಕ್ಕೂ ಸರಕಾರದ ಪರವಾನಗಿಯು ಬೇಕಾಯಿತು. ಇದರ ಮುಖ್ಯ ನೋಟವು ಜನರ ಆರೋಗ್ಯದ ಕಡೆಗಿರದೆ ಬೊಕ್ಕಸದ ಕಡೆಗೆ ಇತ್ತು. ಕುಡಿಯುವವನು ಹೆಚ್ಚಿದಷ್ಟು ಸರಕಾರದ ಹುಟ್ಟುವಳಿಯು ಹೆಚ್ಚುವದೆಂಬ ವಿಪರೀತ ವ್ಯವಸ್ಥೆಯು ಆಗ ನೆಲೆಗೊಂಡಿತು. ಆ ವೈಪರೀತ್ಯವು ಆಳುವವರು ಬದಲಾದ ಮಾತ್ರಕ್ಕೆ ತೀರಿಹೋಗಲಿಲ್ಲ.

ಸ್ವಾತಂತ್ರ್ಯದ ಚಳವಳಿಯು ಈ ವ್ಯವಸ್ಥೆಯನ್ನು ಎದುರಿಸಿತು. 1930ರ ಕಾಯಿದೆಭಂಗದ ಕಾಲದಲ್ಲಿ ಸೆರೆಯ ಅಂಗಡಿಗಳ ಮುಂದೆ ನಿಂತು ಕೈಮುಗಿದು ಕುಡುಕರನ್ನು ತಡೆಯುವ ಕೆಲಸವನ್ನು ಗಾಂಧೀಜಿಯವರು ವಿಶೇಷವಾಗಿ ಹೆಣ್ಣುಮಕ್ಕಳಿಗೆ ಒಪ್ಪಿಸಿದರು. ಮನೆಯಲ್ಲಿ ಹೊಡೆತವನ್ನು ತಿಂದು ಸುಮ್ಮನಿದ್ದವರು ಬೀದಿಗೆ ಬಂದು ನಿಂತುದು ಆಗಲೇ. ವಿಜಾಪುರ ಸೀಮೆಯ ಆಲಮಟ್ಟಿಯಲ್ಲಿ 1927ರಿಂದ ನೆಲೆಸಿದ ಹರ್ಡೇಕರ ಮಂಜಪ್ಪನವರು ಖಾದಿ, ಬ್ರಹ್ಮಚರ್ಯ, ಶರಣಧರ್ಮಗಳನ್ನು ಒಂದೇ ಜೀವನಕ್ರಮವಾಗಿ ಬೋಧಿಸಿದರು. ವ್ಯಸನವನ್ನು ಬಿಡುವದೆಂದರೆ ಬರಿಯ ಒಂದು ಪದಾರ್ಥವನ್ನು ಬಿಡುವದಲ್ಲ, ದಿನಚರಿಯನ್ನೇ ಬೇರೆ ಮಾಡಿಕೊಳ್ಳುವದೆಂಬ ಪಾಠವು ಅಂಥವರ ಬಾಳಿನಲ್ಲಿ ಕಾಣಬರುವದು.

1939ನೆಯ ಇಸವಿ ಆಗಸ್ಟ್ 1ರಂದು ಮುಂಬಯಿ ಪಟ್ಟಣದಲ್ಲಿ ಪಾನನಿಷೇಧವು ಜಾರಿಗೆ ಬಂದಿತು. 1949ರಲ್ಲಿ ಮುಂಬಯಿ ಪಾನಪ್ರತಿಬಂಧಕ ಕಾಯಿದೆಯಾಗಿ, 1950ರಲ್ಲಿ ಅದು ಪ್ರಾಂತಕ್ಕೆಲ್ಲ ಹಬ್ಬಿತು. ಅದೇ ವರ್ಷ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 47ನೆಯ ಅನುಚ್ಛೇದದಲ್ಲಿ ಪಾನನಿಷೇಧಕ್ಕಾಗಿ ಯತ್ನಿಸುವದು ರಾಜ್ಯದ ಕರ್ತವ್ಯವೆಂದು ಸಾರಿತು. 1956ರ ನವೆಂಬರ 1ರಂದು ವಿಜಾಪುರವು ಮೈಸೂರು ರಾಜ್ಯದಲ್ಲಿ ಸೇರಿತು. ಆ ರಾಜ್ಯವು 1967ರಲ್ಲಿ ಪಾನನಿಷೇಧವನ್ನು ತೆಗೆದುಹಾಕಿತು. ನಲವತ್ತು ವರ್ಷಗಳ ತರುವಾಯ, 2007ರ ಜುಲೈ 1ರಿಂದ, ಕರ್ನಾಟಕವು ಸಾರಾಯಿಯನ್ನು ಮಾತ್ರ ನಿಲ್ಲಿಸಿತು. ಉಳಿದ ಮದ್ಯಗಳು ಉಳಿದವು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಪೂರ್ಣ ಪಾನನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅಂಗಡಿಯ ಮುಂದೆ ಕೈಮುಗಿದು ನಿಂತವರ ಮೊಮ್ಮಕ್ಕಳು ಅದೇ ಬೇಡಿಕೆಯನ್ನು ಹೊತ್ತು ಮತ್ತೆ ನಡೆಯಬೇಕಾಯಿತೆಂಬುದು ಈ ಚರಿತ್ರದಲ್ಲಿ ಮರೆಯಬಾರದ ಮಾತು.

ಕಾಯಿದೆಯು ನಿರರ್ಥಕವೆಂದು ಯಾರೂ ಹೇಳಲಾಗದು. ಅಂಗಡಿಯು ಹತ್ತಿರವಿದ್ದಷ್ಟು, ಬೆಲೆಯು ಅಗ್ಗವಾದಷ್ಟು ಕುಡಿತವು ಹೆಚ್ಚುವದು. ಎಳೆಯರು ಬೇಗನೆ ಅದಕ್ಕೆ ಬಲಿಯಾಗುವರು. ಕಾಯಿದೆಯು ಹೊಸಬರನ್ನು ತಡೆಯಬಲ್ಲದು. ಆದರೆ ಈಗಾಗಲೇ ಹಿಡಿತಕ್ಕೆ ಸಿಕ್ಕವನಿಗೆ ಅದು ಅಂಗಡಿಯನ್ನು ಮುಚ್ಚಿ ತೋರಿಸಿತೇ ಹೊರತು ಬಾಯಾರಿಕೆಯನ್ನು ಮುಚ್ಚಲಿಲ್ಲ. ಅವನು ಕಳ್ಳಭಟ್ಟಿಯ ಕಡೆಗೆ ಹೋದನು. ಹಿಂದೆ ಕುಡುಕನೆನಿಸಿದ್ದವನು ಈಗ ಅಪರಾಧಿಯೂ ಆದನು. ಅವನ ಹೆಂಡತಿಯು ಹಿಂದೆ ಗಂಡನಿಗೆ ಮಾತ್ರ ಹೆದರುತ್ತಿದ್ದವಳು, ಈಗ ಪೋಲೀಸರಿಗೂ ಹೆದರಬೇಕಾಯಿತು.

ಜೋಳಿಗೆಯ ಮಾರ್ಗವು

ಕಾಯಿದೆಯು ಸೋತ ಈ ಸ್ಥಳದಲ್ಲಿ ಎರಡನೆಯ ಉಪಾಯವು ಹುಟ್ಟಿತು. ಅದು ಹುಟ್ಟಿದುದು ಒಂದು ಮಠದಲ್ಲಿ. ಇಳಕಲ್ಲ ಪಟ್ಟಣವು ಇಂದು ಬಾಗಲಕೋಟ ಜಿಲ್ಲೆಯಲ್ಲಿರುವದು. 1997ರಲ್ಲಿ ಆ ಜಿಲ್ಲೆಯು ಬೇರೆಯಾಗುವವರೆಗೆ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಅಲ್ಲಿಯ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು 1930ರ ಆಗಸ್ಟ್ 1ರಂದು ಜನಿಸಿದವರು. 1970ರಲ್ಲಿ ಪೀಠವನ್ನು ಏರಿದ ಅವರು 1975ರಲ್ಲಿ ಒಂದು ಹೊಸ ಭಿಕ್ಷಾಟನೆಯನ್ನು ಆರಂಭಿಸಿದರು. ಅದೇ ‘ಮಹಾಂತ ಜೋಳಿಗೆ’ ಎಂದು ಪ್ರಸಿದ್ಧವಾಯಿತು.

ಜಂಗಮನ ಜೋಳಿಗೆಯನ್ನು ಈ ಸೀಮೆಯ ಯಾವ ಮಗುವಿಗೂ ಪರಿಚಯಿಸಬೇಕಾಗಿಲ್ಲ. ಅದರಲ್ಲಿ ಜೋಳವು ಬೀಳುವದು, ಹಿಟ್ಟು ಬೀಳುವದು, ರೊಟ್ಟಿಯು ಬೀಳುವದು. ಮಹಾಂತ ಶಿವಯೋಗಿಗಳು ಇದಾವದನ್ನೂ ಬೇಡಲಿಲ್ಲ. ಅವರು ಊರೂರಿಗೆ ಹೋಗಿ, ಓಣಿ ಓಣಿಗಳಲ್ಲಿ ನಡೆದು, ದಲಿತರ ಕೇರಿಗಳನ್ನೂ ಹೊಕ್ಕು, ಮನೆಯ ಬಾಗಿಲಲ್ಲಿ ಜೋಳಿಗೆಯನ್ನು ಚಾಚಿ, ‘ನಿಮ್ಮ ದುಶ್ಚಟವನ್ನು ಭಿಕ್ಷೆಯಾಗಿ ನೀಡಿರಿ’ ಎಂಬ ಅರ್ಥದಲ್ಲಿ ಬೇಡಿದರು. ಜನರು ಬೀಡಿಯ ಕಟ್ಟುಗಳನ್ನು ಹಾಕಿದರು. ತಂಬಾಕಿನ ಚೀಲಗಳನ್ನೂ ಗುಟಕಾ ಚೀಟುಗಳನ್ನೂ ಹಾಕಿದರು. ಇನ್ನು ಕುಡಿಯುವದಿಲ್ಲವೆಂಬ ವಚನವನ್ನು ಕೊಟ್ಟರು. 2018ರ ಮೇ 19ರಂದು ಲಿಂಗೈಕ್ಯರಾಗುವ ತನಕ ನಾಲ್ಕು ದಶಕಗಳಿಗೂ ಮಿಕ್ಕಿ ಅವರ ಹೆಸರಿನೊಂದಿಗೆ ಈ ಜೋಳಿಗೆಯು ಕೂಡಿಕೊಂಡಿತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತ ಬಂದಿರುವದು.

ಈ ಕಾರ್ಯದಲ್ಲಿ ಅಡಗಿದ ಮನಃಶಾಸ್ತ್ರವನ್ನು ವಿಚಾರಿಸಬೇಕು. ಕುಡುಕನಿಗೆ ಊರಿನಲ್ಲಿ ಯಾರೂ ಏನನ್ನೂ ಬೇಡುವದಿಲ್ಲ. ಮದುವೆಯ ಮಾತುಕತೆಗೆ ಅವನನ್ನು ಕರೆಯುವದಿಲ್ಲ. ಪಂಚರ ಸಭೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಅವನು ಬೇಡುವವನೇ ಹೊರತು ಕೊಡುವವನಲ್ಲ. ಅಂಥವನ ಬಾಗಿಲಿಗೆ ಪೀಠದ ಸ್ವಾಮಿಗಳು ಬಂದು, ನಿನ್ನಿಂದ ನನಗೊಂದು ಬೇಕಾಗಿರುವದು, ಕೊಡು ಎಂದು ಕೈಯೊಡ್ಡಿದರೆ, ಆ ಗಳಿಗೆಯಲ್ಲಿ ಅವನು ದಾನಿಯಾಗುವನು. ಕಾಯಿದೆಯು ಅವನ ಕೈಯಿಂದ ಕಸಿದುಕೊಂಡಿತು. ಜೋಳಿಗೆಯು ಅವನ ಕೈಯಿಂದ ಸ್ವೀಕರಿಸಿತು. ಕಸಿದುಕೊಂಡುದನ್ನು ಮರಳಿ ಪಡೆಯಬೇಕೆಂಬ ಹಟವು ಮನುಷ್ಯನಿಗೆ ಹುಟ್ಟುವದು. ದಾನವಾಗಿ ಕೊಟ್ಟುದನ್ನು ಮರಳಿ ಕೇಳುವದಕ್ಕೆ ನಾಚಿಕೆಯಾಗುವದು. ಇದಲ್ಲದೆ ಹೆಂಡತಿ ಮಕ್ಕಳೂ ನೆರೆಹೊರೆಯವರೂ ಆ ದಾನಕ್ಕೆ ಸಾಕ್ಷಿಗಳಾಗುವರು. ಹೀಗೆ ಒಬ್ಬನ ಸಂಕಲ್ಪವು ಓಣಿಯ ಸಂಕಲ್ಪವಾಗುವದು.

ಇದೇ ತತ್ತ್ವವು ಬೇರೆ ವೇಷದಲ್ಲಿ ಬೇರೆ ಕಡೆಗೂ ಕಾಣುವದು. 1935ರಲ್ಲಿ ಅಮೇರಿಕೆಯ ಆಕ್ರನ್ ಪಟ್ಟಣದಲ್ಲಿ ಕುಡಿತದಿಂದ ನೊಂದ ಇಬ್ಬರು, ಒಬ್ಬನು ಷೇರುಪೇಟೆಯವನು, ಮತ್ತೊಬ್ಬನು ಶಸ್ತ್ರವೈದ್ಯನು, ಪರಸ್ಪರ ತಮ್ಮ ಕಥೆಯನ್ನು ಹೇಳಿಕೊಂಡು ಬಿಟ್ಟು ನಿಂತರು. ಅದರಿಂದ ಬೆಳೆದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗವು 1957ರಲ್ಲಿ ಭಾರತಕ್ಕೂ ಬಂದಿತು. ಬಿಟ್ಟವನು ಬಿಡಬೇಕೆನ್ನುವವನ ಕೈಹಿಡಿಯುವದು, ಇಂದಿನ ಒಂದು ದಿನದ ಮಟ್ಟಿಗೆ ಬಿಡುವದು, ಇವೇ ಅದರ ಸೂತ್ರಗಳು. ನಮ್ಮ ನಾಡಿನಲ್ಲಿಯೇ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯು ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ಊರೂರಲ್ಲಿ ನಡೆಯಿಸಿ, ಶಿಬಿರವು ಮುಗಿದ ಮೇಲೆ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತ ಬಂದಿರುವದು. ಬಿಡಿಸುವದು ಒಂದು ದಿನದ ಕೆಲಸ, ಬಿಟ್ಟವನ ಜೊತೆಗಿರುವದು ವರ್ಷಗಳ ಕೆಲಸವೆಂಬುದನ್ನು ಈ ಎಲ್ಲ ಬಳಗಗಳೂ ಅನುಭವದಿಂದ ಅರಿತಿರುವವು.

ಚಿಕಿತ್ಸೆಯ ಮಾರ್ಗವು

ಹಾಗಾದರೆ ಜೋಳಿಗೆಯೊಂದೇ ಸಾಕಾಗುವದೋ? ಇಲ್ಲಿ ಶ್ರದ್ಧೆಯುಳ್ಳವರು ಸಮಾಧಾನದಿಂದ ಕೇಳಬೇಕಾದ ಒಂದು ವಿಷಯವಿರುವದು. ಮನಸ್ಸು ಕೊಟ್ಟ ವಚನವನ್ನು ದೇಹವು ಕೂಡಲೆ ನಡೆಯಿಸಲಾರದ ಸಂದರ್ಭಗಳುಂಟು. ಮದ್ಯವು ಮಿದುಳಿನ ವೇಗವನ್ನು ತಗ್ಗಿಸುವ ಪದಾರ್ಥವು. ವರ್ಷಗಟ್ಟಲೆ ದಿನಾಲೂ ಅದು ಒಳಗೆ ಬೀಳುತ್ತಿದ್ದರೆ ಮಿದುಳು ಆ ಭಾರಕ್ಕೆ ಎದುರಾಗಿ ತನ್ನ ವೇಗವನ್ನು ಹೆಚ್ಚಿಸಿಕೊಂಡು ನಡೆಯುವದು. ಭಾರ ತುಂಬಿದ ಬಂಡಿಯನ್ನು ಬಲವಾಗಿ ಜಗ್ಗುವ ಎತ್ತುಗಳ ಬಂಡಿಯಿಂದ ಒಮ್ಮೆಲೆ ಭಾರವನ್ನು ಕೆಡವಿದರೆ ಅವು ಹೇಗೆ ಮುನ್ನುಗ್ಗುವವೋ, ಹಾಗೆಯೇ ಮದ್ಯವನ್ನು ಒಮ್ಮೆಲೆ ನಿಲ್ಲಿಸಿದಾಗ ಮಿದುಳು ಮುನ್ನುಗ್ಗುವದು. ಕೆಲವು ತಾಸುಗಳಲ್ಲಿ ಕೈನಡುಕ, ಬೆವರು, ನಿದ್ರೆಯಿಲ್ಲದಿರುವದು ತೋರುವವು. ಒಂದೆರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆಯು ಬರುವದು. ಎರಡರಿಂದ ನಾಲ್ಕು ದಿನಗಳೊಳಗೆ ಕೆಲವರು ಇಲ್ಲದುದನ್ನು ಕಂಡು, ಇಲ್ಲದ ಮಾತನ್ನು ಕೇಳಿ, ದಿಕ್ಕುತಪ್ಪಿ ಬಡಬಡಿಸುವರು. ಇದನ್ನು ಗಾಳಿಯ ಸೋಂಕೆಂದೋ ವ್ರತಭಂಗದ ಶಾಪವೆಂದೋ ತಿಳಿದು ಮನೆಯಲ್ಲಿ ಇರಿಸಿಕೊಂಡರೆ ಪ್ರಾಣವೇ ಹೋಗಬಹುದು. ಬಹುಕಾಲ ಬಹಳವಾಗಿ ಕುಡಿದವನು ಬಿಡುವಾಗ ವೈದ್ಯನ ಕಣ್ಣೆದುರಿನಲ್ಲಿಯೇ ಬಿಡಬೇಕು. ಅದಕ್ಕೆ ಔಷಧಗಳಿರುವವು, ಕೊರತೆಯಾದ ಬಿ1 ಜೀವಸತ್ವವನ್ನು ಕೊಡುವ ಕ್ರಮವಿರುವದು, ತರುವಾಯ ಬಯಕೆಯನ್ನು ತಗ್ಗಿಸುವ ಮಾತ್ರೆಗಳೂ ಇರುವವು.

ಕುಡಿತವನ್ನು ಪಾಪವೆಂದಷ್ಟೇ ಎಣಿಸದೆ ರೋಗವೆಂದು ಕಾಣುವ ದೃಷ್ಟಿಯು ಹೊಸದಲ್ಲ. ಸ್ಕಾಟ್ಲಂಡದ ಥಾಮಸ್ ಟ್ರಾಟರ್ ಎಂಬ ನೌಕಾವೈದ್ಯನು 1804ರಲ್ಲಿಯೇ ಕುಡಿತದ ಚಟವನ್ನು ಮನಸ್ಸಿನ ರೋಗವೆಂದು ಬರೆದನು. ನಮ್ಮ ಭಾಗದಲ್ಲಿ 1845ರಲ್ಲಿ ಧಾರವಾಡದಲ್ಲಿ ಮನೋರೋಗಿಗಳ ಆಸ್ಪತ್ರೆಯು ಆರಂಭವಾಯಿತು. ಜನರು ಅದನ್ನು ಹುಚ್ಚರ ಆಸ್ಪತ್ರೆಯೆಂದು ಕರೆದರು. ಆ ಹೆಸರಿಗೆ ಹೆದರಿ ಎಷ್ಟೋ ಮನೆಗಳವರು ತಮ್ಮವರನ್ನು ಕರೆದೊಯ್ಯದೆ ಉಳಿದರು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಶಿಕ್ಷಣಸಂಸ್ಥೆಯಾಗಿರುವದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಮಾಡಿ, ಹಳ್ಳಿಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಸೇವಕರಿಗೂ ತರಬೇತಿಯಿತ್ತರೆ ಮನೋರೋಗಗಳಿಗೆ ಊರ ಹತ್ತಿರದಲ್ಲಿಯೇ ಉಪಚಾರವು ದೊರೆಯಬಲ್ಲದೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕನ್ನಡ ನಾಡಿನ ಈ ಬಳ್ಳಾರಿಯೇ ಮಾದರಿಯಾಯಿತು.

ಇಷ್ಟಾದರೂ ಉಪಚಾರವು ಬೇಕಾದವರಿಗೆ ಮುಟ್ಟಿದುದು ಅತ್ಯಲ್ಪವು. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯಪಾನ ಮಾಡುವರು, ಅವರಲ್ಲಿ 5.7 ಕೋಟಿ ಜನರಿಗೆ ಸಹಾಯವು ಬೇಕಾಗಿರುವದು. ಚಟದ ಪೂರ್ಣ ಹಿಡಿತಕ್ಕೆ ಸಿಕ್ಕವರಲ್ಲಿ 38 ಜನರಿಗೆ ಒಬ್ಬನಿಗೆ ಮಾತ್ರ ಯಾವದಾದರೊಂದು ಉಪಚಾರವು ದೊರೆತಿತ್ತು. ಆಸ್ಪತ್ರೆಯಲ್ಲಿ ಇದ್ದು ಉಪಚಾರವನ್ನು ಪಡೆದವನು 180 ಜನರಲ್ಲಿ ಒಬ್ಬನು. ಉಳಿದವರು ಎಲ್ಲಿರುವರು? ಅವರು ಮನೆಗಳಲ್ಲಿರುವರು, ನಾಚಿಕೆಯ ಹಿಂದೆ ಇರುವರು.

ಬಿಟ್ಟ ತರುವಾಯದ ಬಾಳು

ಬಹು ಜನರು ಸುಖಕ್ಕಾಗಿ ಕುಡಿಯುವದನ್ನು ಆರಂಭಿಸಿ ದುಃಖಕ್ಕಾಗಿ ಅದನ್ನು ಮುಂದುವರಿಸುವರು. ಸಾಲ, ಮಳೆಯ ಮೋಸ, ಸತ್ತ ಮಗನ ನೆನಪು, ಕಾರಣವಿಲ್ಲದೆ ಕವಿಯುವ ಖಿನ್ನತೆ, ರಾತ್ರಿಯ ಭಯ, ಇವುಗಳಿಗೆ ಸೆರೆಯು ಒಂದು ಗಳಿಗೆಯ ಮದ್ದಾಗಿ ತೋರುವದು. ಮರುದಿನ ಅದೇ ಖಿನ್ನತೆಯನ್ನು ಇಮ್ಮಡಿಯಾಗಿ ಹಿಂದಿರುಗಿಸುವದು. ಆದುದರಿಂದ ಸೆರೆಯನ್ನು ತೆಗೆದುಕೊಂಡವರು ಆ ಸ್ಥಳದಲ್ಲಿ ಬೇರೊಂದನ್ನು ಇಡಬೇಕು. ಬರಿದಾದ ಗಡಿಗೆಯಲ್ಲಿ ಏನಾದರೊಂದು ತುಂಬಿಕೊಳ್ಳದೆ ಇರದು.

ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕರಲ್ಲಿ ಒಂದು ಬಂದಾಗ ಬಯಕೆಯು ಹೆಡೆಯೆತ್ತುವದೆಂದು ವ್ಯಸನವನ್ನು ಬಿಟ್ಟವರ ಅನುಭವವು ಹೇಳುವದು. ಹಸಿದವನು ಮೊದಲು ಉಣ್ಣಬೇಕು, ಕೋಪ ಬಂದವನು ಎದ್ದು ನಡೆಯಬೇಕು, ಒಂಟಿಯಾದವನು ನಂಬಿದವರ ಮನೆಗೆ ಹೋಗಬೇಕು, ದಣಿದವನು ಮಲಗಬೇಕು. ಬಯಕೆಯೆಂಬುದು ತೆರೆಯಂತೆ ಏರಿ ಇಳಿಯುವದು. ಅದು ಏರಿದಷ್ಟು ಹೊತ್ತು ಬೇರೆ ಕೆಲಸದಲ್ಲಿ ಕೈಯಿಟ್ಟು ತಾಳಿಕೊಂಡರೆ ತಾನೇ ಇಳಿಯುವದು. ಹಳೆಯ ಗೆಳೆಯರು, ಹಳೆಯ ದಾರಿ, ಹಳೆಯ ಹೊತ್ತು, ಈ ಮೂರನ್ನು ಕೆಲವು ಕಾಲ ಬದಲಿಸಬೇಕು. ಸಂಜೆಯ ಹೊತ್ತಿಗೆ ಪೂಜೆಯೋ ಭಜನೆಯೋ ತೋಟದ ಕೆಲಸವೋ ಮಕ್ಕಳ ಪಾಠವೋ ಇದ್ದರೆ ಅಂಗಡಿಯ ಹೊತ್ತು ಅರಿವಿಲ್ಲದೆ ಕಳೆದುಹೋಗುವದು. ಕಾಯಕವೆಂದು ಹಿರಿಯರು ಕರೆದುದು ಹೊಟ್ಟೆಯ ಪಾಡನ್ನು ಮಾತ್ರವಲ್ಲದೆ ಮನಸ್ಸಿನ ಪಾಡನ್ನೂ ಕಾಯುವದು.

ಕೊನೆಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯು. ಜೋಳಿಗೆಯಲ್ಲಿ ಹಾಕಿ ಬಂದವನು ಮತ್ತೆ ಕುಡಿದರೆ ಏನು ಮಾಡಬೇಕು? ವ್ಯಸನದಿಂದ ಗುಣಹೊಂದುವವರಲ್ಲಿ ನೂರಕ್ಕೆ 40ರಿಂದ 60 ಜನರು ಒಮ್ಮೆಯಾದರೂ ಮರಳಿ ಜಾರುವರೆಂದು ಅಮೇರಿಕೆಯ ವೈದ್ಯವಿಚಾರಕರು ಲೆಕ್ಕ ಹಾಕಿರುವರು. ರಕ್ತದ ಒತ್ತಡ, ಉಬ್ಬಸಗಳ ರೋಗಿಗಳು ಪಥ್ಯ ತಪ್ಪಿ ಮತ್ತೆ ಮಲಗುವದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ದಾನವನ್ನು ಮರಳಿ ಕೇಳಲು ನಾಚುವ ಆ ನಾಚಿಕೆಯೇ ಒಬ್ಬನನ್ನು ಕಾಯುವದು. ಆದರೆ ಒಮ್ಮೆ ಜಾರಿದರೆ ಅದೇ ನಾಚಿಕೆಯು ಅವನನ್ನು ಮಠದ ಬಾಗಿಲಿನಿಂದ ದೂರ ಓಡಿಸುವದು. ವ್ರತವನ್ನು ಕೊಡುವ ಕೈಯಲ್ಲಿರುವ ಅಪಾಯವು ಇದೇ. ಗುರುವಿಗೆ ಮುಖವನ್ನು ಹೇಗೆ ತೋರಿಸಲೆಂದು ಅವನು ಅಡಗುವನು. ಅಡಗಿದವನು ಇನ್ನಷ್ಟು ಕುಡಿಯುವನು. ಕೆಲವರು ಪ್ರಾಣವನ್ನೇ ತೊರೆಯುವ ವಿಚಾರಕ್ಕೆ ಹೋಗುವರು. ಆದುದರಿಂದ ವಚನವನ್ನು ತೆಗೆದುಕೊಳ್ಳುವಾಗಲೇ, ಜಾರಿದರೆ ಮೊದಲು ಇಲ್ಲಿಗೇ ಬಾ ಎಂಬ ಪ್ರತಿವಚನವನ್ನೂ ಕೊಡಬೇಕು. ಜಂಗಮನು ಒಂದೇ ಮನೆಗೆ ಒಂದೇ ಸಲ ಭಿಕ್ಷೆಗೆ ಹೋಗುವವನಲ್ಲ. ಮತ್ತೆ ಮತ್ತೆ ಹೋಗುವನು. ಜೋಳಿಗೆಗೆ ಬಾಯಿ ಇರುವದು, ಬೀಗವಿಲ್ಲ.

ಮೂರು ಮಾರ್ಗಗಳ ಕೂಡುವಿಕೆಯು ಇಲ್ಲಿಯೇ. ಕಾಯಿದೆಯು ಅಂಗಡಿಯನ್ನು ದೂರ ಇಡಲಿ. ಜೋಳಿಗೆಯು ಮನುಷ್ಯನನ್ನು ಹತ್ತಿರ ತರಲಿ. ವೈದ್ಯವು ಅವನ ದೇಹವನ್ನೂ ಮನಸ್ಸನ್ನೂ ಕಾಯಲಿ. ವ್ಯಸನದ ವಿಷಯಕ್ಕೆ 14446, ಮನಸ್ಸಿನ ಕಷ್ಟಕ್ಕೆ 14416, ಈ ಎರಡು ಸಂಖ್ಯೆಗಳಿಗೆ ದೂರವಾಣಿಯಲ್ಲಿ ಮಾತನಾಡಿದರೆ ಹಣವಿಲ್ಲದೆ ಸಲಹೆಯು ದೊರೆಯುವದು. ಎರಡನೆಯದು 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು. ಇವುಗಳನ್ನು ಮನೆಯ ಗೋಡೆಯ ಮೇಲೆ ಬರೆದಿಡುವದು ಅಗೌರವವಲ್ಲ. ಭಕ್ತರ ಮನೆಗಳಲ್ಲಿ ಕುಡುಕನೆಂದು ಯಾರನ್ನೂ ಕರೆಯದೆ, ಗುಣಹೊಂದುತ್ತಿರುವವನೆಂದು ಕರೆಯುವ ರೂಢಿಯು ಹುಟ್ಟಲಿ.

ಗಾಂಧಿ ಚೌಕದಲ್ಲಿ ಸಂಜೆಯಾಗುವದು. ಒಬ್ಬನು ಮನೆಯ ಕಡೆಗೆ, ಮತ್ತೊಬ್ಬನು ಅಂಗಡಿಯ ಕಡೆಗೆ ನಡೆಯುವನು. ಈ ಎರಡನೆಯವನೂ ಯಾವದೋ ಮನೆಯ ಮಗನು, ಯಾವದೋ ಮಠದ ಶಿಷ್ಯನು. ಅವನನ್ನು ಹೆಸರು ಹಿಡಿದು ಕರೆಯುವವರು ಒಬ್ಬರಿದ್ದರೂ ಅವನ ಕಾಲು ನಿಲ್ಲುವ ಸಂಭವವುಂಟು. ಆ ಒಬ್ಬರು ಭಕ್ತಬಳಗದಲ್ಲಿ ಹುಟ್ಟಿಬರಲಿ.